ಆಂಡ್ರಿಯಾಸ್ ಸ್ಟಿಲ್

ಆಂಡ್ರಿಯಾಸ್ ಸ್ಟಿಲ್ (ನವೆಂಬರ್ 10, 1896 – ಜನವರಿ 14, 1973) ಮರ ಕೊಯ್ಯುವ ಚೈನ್‌ಸಾ ಯಂತ್ರದ ವಿಕಾಸದಲ್ಲಿ ಪ್ರಮುಖ ಪಾತ್ರ ವಹಿಸಿದ ಇಂಜಿನಿಯರ್ ಹಾಗೂ ಉದ್ಯಮಿ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಜನಿಸಿದ ಇವರು ಯಂತ್ರಶಾಸ್ತ್ರವನ್ನು ಅಭ್ಯಸಿಸಿ, 1926ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು.

ಅದೇ ವರ್ಷ ಅವರು ರೂಪಿಸಿದ ವಿದ್ಯುತ್ ಗರಗಸದ ತೂಕ ಸುಮಾರು 64 ಕಿಲೋಗ್ರಾಂ. ಅದನ್ನು ನಡೆಸಲು ಇಬ್ಬರು ಬೇಕಾಗಿತ್ತು. ದಟ್ಟ ಕಾಡಿನಲ್ಲಿ ವಿದ್ಯುತ್ ಸುಲಭವಾಗಿ ದೊರೆಯದು. ಆದುದರಿಂದ 1929ರಲ್ಲಿ 46 ಕಿಲೋಗ್ರಾಂ ತೂಕದ ಪೆಟ್ರೋಲ್ ಯಂತ್ರ ಹೊರಬಂದಿತು.

ಸರಪಳಿಯನ್ನು ಹೊರುವ ಬಾರ್ ಉದ್ದವಾದಷ್ಟೂ ಹೆಚ್ಚು ದಪ್ಪದ ಮರವನ್ನು ಕೊಯ್ಯಬಹುದು. ಆದರೆ ಘರ್ಷಣೆಯೂ ತೂಕವೂ ಏರುವುದರಿಂದ ಅದಕ್ಕೆ ತಕ್ಕ ಬಲ ಎಂಜಿನ್ನಿಗಿರಬೇಕು. ಬಲ ಹೆಚ್ಚಿಸಿದರೆ ಯಂತ್ರವೇ ಭಾರವಾಗುತ್ತದೆ. ಈ ತೊಡಕನ್ನು ಬಿಡಿಸುವುದೇ ಸ್ಟಿಲ್ ಅವರ ಬಹುಕಾಲದ ಕೆಲಸವಾಯಿತು.

ಅವರ ಬದುಕಿನ ಇನ್ನೊಂದು ಮುಖವನ್ನು ಮರೆಮಾಚಲಾಗದು. 1933ರಲ್ಲಿ ನಾಜಿ ಪಕ್ಷವನ್ನೂ 1935ರಲ್ಲಿ ಎಸ್‌ಎಸ್ ಪಡೆಯನ್ನೂ ಸೇರಿದ್ದ ಅವರನ್ನು ಯುದ್ಧಾನಂತರ ಮಿತ್ರರಾಷ್ಟ್ರಗಳು ಬಂಧನದಲ್ಲಿರಿಸಿದವು. ಬಾಂಬ್ ದಾಳಿಗೆ ತುತ್ತಾದ ಕಾರ್ಖಾನೆಯನ್ನು ಆ ವೇಳೆಗಾಗಲೇ ವೈಬ್ಲಿಂಗೆನ್ ಬಳಿಗೆ ಸ್ಥಳಾಂತರಿಸಲಾಗಿತ್ತು.

1950ರಲ್ಲಿ ಒಬ್ಬನೇ ಹಿಡಿಯಬಲ್ಲ, 16 ಕಿಲೋಗ್ರಾಂ ತೂಕದ ಪೆಟ್ರೋಲ್ ಗರಗಸ ಸಿದ್ಧವಾಯಿತು. 1959ರ ‘ಕಾಂಟ್ರಾ’ ಮಾದರಿಯಲ್ಲಿ ಗೇರ್ ವ್ಯವಸ್ಥೆಯನ್ನೇ ಕೈಬಿಟ್ಟು, ಎಂಜಿನ್ ಸರಪಳಿಯನ್ನು ನೇರವಾಗಿ ತಿರುಗಿಸುವಂತೆ ಮಾಡಲಾಯಿತು. ಸುಮಾರು 6 ಅಶ್ವಶಕ್ತಿಯ ಈ ಯಂತ್ರದ ತೂಕ 12 ಕಿಲೋಗ್ರಾಂ ಮಾತ್ರ. ಮರಕಡಿಯುವವರಿಗೆ ಇದು ಸಣ್ಣ ನೆಮ್ಮದಿಯಲ್ಲ.

ಅವರ ನಿಧನಾನಂತರ ಮಗ ಹಾನ್ಸ್ ಪೀಟರ್ ಸಂಸ್ಥೆಯನ್ನು ಮುನ್ನಡೆಸಿದರು.