ಸಂವಿಧಾನ ಶಿಲ್ಪಿಗೆ ಲೋಕಸಭೆ ಸಿಗಲಿಲ್ಲ: ಎರಡು ಚುನಾವಣೆ, ಎರಡು ಸೋಲು

ಪ್ರತಿ ಏಪ್ರಿಲ್ 14ಕ್ಕೆ ಊರೂರಿನ ಸರ್ಕಲ್‌ನಲ್ಲಿ ಹಾರ ಬೀಳುತ್ತೆ, ಮೆರವಣಿಗೆ ಹೊರಡುತ್ತೆ, ಡಿಜೆ ಸದ್ದಿಗೆ ಅಂಗಡಿ ಶಟರ್‌ಗಳು ನಡುಗುತ್ತವೆ. ಪುತ್ಥಳಿಯ ಒಂದು ಕೈಯಲ್ಲಿ ಸಂವಿಧಾನದ ಪುಸ್ತಕ, ಇನ್ನೊಂದು ಕೈ ಮುಂದಕ್ಕೆ ಚಾಚಿರುತ್ತೆ. ಆ ಬೆರಳು ತೋರಿಸ್ತಿರೋದು ಪಾರ್ಲಿಮೆಂಟ್ ಕಡೆಗೆ ಅಂತ ದೊಡ್ಡವರು ಮಕ್ಕಳಿಗೆ ಹೇಳ್ತಾರೆ. ಆದರೆ ಆ ಪಾರ್ಲಿಮೆಂಟಿನ ಲೋಕಸಭೆಗೆ ಡಾ. ಬಿ.ಆರ್. ಅಂಬೇಡ್ಕರ್ ಎರಡು ಸಲ ಸ್ಪರ್ಧಿಸಿ ಎರಡೂ ಸಲ ಸೋತರು ಅನ್ನೋದು ಭಾಷಣಗಳಲ್ಲಿ ಬರೋದು ಕಡಿಮೆ. ಬಂದರೂ ಒಂದೇ ಸಾಲಿನಲ್ಲಿ ಮುಗಿಯುತ್ತೆ. ಹೇಗೆ ಸೋತರು, ಯಾವ ಲೆಕ್ಕದಲ್ಲಿ ಸೋತರು ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ.

ಹುಟ್ಟಿದ್ದು 1891ರಲ್ಲಿ, ಮಧ್ಯಪ್ರದೇಶದ ಮಹೂ ದಂಡು ಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್. ಶಾಲೆಯಲ್ಲಿ ನೀರಿಗೂ ಮುಟ್ಟು ಮೈಲಿಗೆ ಎಂಬ ಕಾಲ. ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಆಮೇಲೆ ಲಂಡನ್. ಅಲ್ಲಿ ಅರ್ಥಶಾಸ್ತ್ರದ ಜೊತೆಗೇ ಗ್ರೇಸ್ ಇನ್‌ನಲ್ಲಿ ಕಾನೂನು ಓದಿ 1922ರಲ್ಲಿ ಬ್ಯಾರಿಸ್ಟರ್ ಆದರು. ಇದೆಲ್ಲ ಶಾಲೆ ಮಕ್ಕಳಿಗೂ ಗೊತ್ತಿರೋ ಕಥೆ.

ಗೊತ್ತಿಲ್ಲದ ಭಾಗ ಆಮೇಲಿನದು. 1923ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ವಕೀಲಿ ಶುರು ಮಾಡಿದಾಗ ಕೇಸು ಹುಡುಕಿಕೊಂಡು ಬರುವವರು ಕಮ್ಮಿ. ಆಗ ಬ್ಯಾರಿಸ್ಟರ್‌ಗೆ ಕೇಸು ಕೊಡಬೇಕಾದವರು ಸಾಲಿಸಿಟರ್‌ಗಳು. ಅವರು ಅಸ್ಪೃಶ್ಯ ವಕೀಲರ ಕಡೆ ತಿರುಗಿ ನೋಡ್ತಿರಲಿಲ್ಲ. ವಿದೇಶದ ಡಿಗ್ರಿಗಳ ಗಂಟೇ ಇದ್ದ ಮನುಷ್ಯ ಸಂಸಾರ ತೂಗಿಸಲು ಬಾಟ್ಲಿಬಾಯ್ ಅವರ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠ ಮಾಡಿದರು. ಹೆಸರು ಬಂದಿದ್ದು 1926ರಲ್ಲಿ. ಪುಣೆಯ ಬ್ರಾಹ್ಮಣೇತರ ಮುಖಂಡರ ಮೇಲೆ ಒಂದು ಪುಸ್ತಕದ ವಿಷಯಕ್ಕೆ ಮಾನನಷ್ಟ ಕೇಸು ಬಿದ್ದಿತ್ತು. ಅವರ ಪರ ವಾದಿಸಿ ಗೆದ್ದರು. 1927ರಲ್ಲಿ ಮಹಾಡಿನ ಚೌದಾರ್ ಕೆರೆಯ ನೀರು ಮುಟ್ಟಿದ ಸತ್ಯಾಗ್ರಹ ಎಲ್ಲರಿಗೂ ನೆನಪಿದೆ. ಅದರ ಹಿಂದೆಯೇ ಶುರುವಾದ ಕೋರ್ಟ್ ಜಗಳ ಹತ್ತು ವರ್ಷ ಎಳೆದು, 1937ರಲ್ಲಿ ಹೈಕೋರ್ಟಿನಲ್ಲಿ ಅಸ್ಪೃಶ್ಯರ ಪರ ಮುಗಿಯಿತು ಅನ್ನೋದು ಅಷ್ಟು ನೆನಪಿಲ್ಲ. ಬೀದಿಯಲ್ಲಿ ಒಂದು ದಿನದ ಹೋರಾಟ, ಕೋರ್ಟಿನಲ್ಲಿ ಹತ್ತು ವರ್ಷದ ತಾಳ್ಮೆ. ಎರಡನ್ನೂ ಒಬ್ಬರೇ ಮಾಡಿದರು.

ನಮ್ಮ ಕಡೆಗೂ ಬಂದಿದ್ದರು. 1925ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಬಾಂಬೆ ಪ್ರಾಂತ್ಯದ ದಲಿತ ವರ್ಗಗಳ ಸಮ್ಮೇಳನ ನಡೆಯಿತು. ಬೆಳಗಾವಿ, ಧಾರವಾಡ ಎಲ್ಲ ಆಗ ಬಾಂಬೆ ಆಡಳಿತದ ಕೆಳಗೇ ಇದ್ದವು. ನಿಪ್ಪಾಣಿ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೆ.

ಮೊದಲ ಚುನಾವಣೆಯಲ್ಲಿ ಅಂಬೇಡ್ಕರ್ ಸೋಲಲಿಲ್ಲ, ಗೆದ್ದರು. ಅದು 1937, ಬಾಂಬೆ ಪ್ರಾಂತ್ಯದ ವಿಧಾನಸಭೆಗೆ. ತಾವೇ ಕಟ್ಟಿದ ಸ್ವತಂತ್ರ ಕಾರ್ಮಿಕ ಪಕ್ಷದಿಂದ ನಿಂತಿದ್ದರು. ಎದುರಿಗೆ ಕಾಂಗ್ರೆಸ್ ನಿಲ್ಲಿಸಿದ್ದು ಯಾರನ್ನ ಗೊತ್ತಾ? ಪಲ್ವಂಕರ್ ಬಾಲೂ. ದೇಶದ ಮೊದಲ ದೊಡ್ಡ ಸ್ಪಿನ್ ಬೌಲರ್, ದಲಿತ ಸಮುದಾಯದಿಂದಲೇ ಬಂದವರು, ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಂಬೇಡ್ಕರ್‌ಗೆ 13,245 ಮತ, ಬಾಲೂಗೆ 11,225. ಎರಡು ಸಾವಿರ ಚಿಲ್ಲರೆ ಅಂತರ.

ಆ ಚುನಾವಣೆಯ ಒಂದು ನಿಯಮ ಇಲ್ಲಿ ಮುಖ್ಯ. ಬಾಂಬೆ ಪ್ರಾಂತ್ಯದಲ್ಲಿ ಒಂದೇ ಕ್ಷೇತ್ರಕ್ಕೆ ಎರಡು ಮೂರು ಸೀಟು ಇದ್ದರೆ ಮತದಾರನಿಗೂ ಅಷ್ಟೇ ಮತ ಸಿಗುತ್ತಿತ್ತು. ಆ ಎಲ್ಲ ಮತಗಳನ್ನು ಬೇಕಾದರೆ ಒಬ್ಬನೇ ಅಭ್ಯರ್ಥಿಗೆ ಸುರಿಯಬಹುದಿತ್ತು. ಸಣ್ಣ ಸಮುದಾಯ ಒಗ್ಗಟ್ಟಾಗಿ ಹಾಕಿದರೆ ತನ್ನವನನ್ನು ಗೆಲ್ಲಿಸಿಕೊಳ್ಳಬಹುದಿತ್ತು.

ಇದು ಸುಮ್ಮನೆ ತಾಂತ್ರಿಕ ವಿಷಯ ಅಲ್ಲ. 1932ರಲ್ಲಿ ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತು, ಪುಣೆ ಒಪ್ಪಂದ ಆಗಿ, ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೈತಪ್ಪಿತು. ಅದರ ಬದಲು ಮೀಸಲು ಸೀಟು ಬಂತು. ಸೀಟು ದಲಿತರದ್ದು, ಆದರೆ ಮತ ಹಾಕೋದು ಊರಿನವರೆಲ್ಲ. ಹಾಗಾದರೆ ಆ ಸೀಟಿನಲ್ಲಿ ಯಾವ ದಲಿತ ಕೂರಬೇಕು ಅನ್ನೋದನ್ನ ತೀರ್ಮಾನಿಸೋರು ಯಾರು? ಅಂಬೇಡ್ಕರ್ ಜೀವನಪೂರ್ತಿ ಕೇಳಿದ ಪ್ರಶ್ನೆ ಇದು. 1952ರಲ್ಲಿ ಅದರ ಉತ್ತರ ಅವರ ಮೇಲೇ ಬಿತ್ತು.

1946ರಿಂದಲೇ ದಾರಿ ಕಷ್ಟವಾಗಿತ್ತು. ಆ ವರ್ಷದ ಪ್ರಾಂತೀಯ ಚುನಾವಣೆಯಲ್ಲಿ ಅವರ ಪರಿಶಿಷ್ಟ ಜಾತಿ ಒಕ್ಕೂಟ ನೆಲಕಚ್ಚಿತು. ಬಾಂಬೆಯಿಂದ ಸಂವಿಧಾನ ಸಭೆಗೆ ಹೋಗುವ ದಾರಿ ಮುಚ್ಚಿತು. ಬಂಗಾಳದ ಜೋಗೇಂದ್ರನಾಥ ಮಂಡಲ್ ಕೈಹಿಡಿದರು, ಅಲ್ಲಿಂದ ಆರಿಸಿ ಬಂದರು. ದೇಶ ವಿಭಜನೆ ಆದಾಗ ಆ ಸ್ಥಾನವೂ ಹೋಯಿತು. ಎಂ.ಆರ್. ಜಯಕರ್ ಬಿಟ್ಟ ಸ್ಥಾನಕ್ಕೆ ಕಾಂಗ್ರೆಸ್ಸೇ ಬಾಂಬೆಯಿಂದ ಅವರನ್ನು ಆರಿಸಿ ಕಳಿಸಿತು. ಕರಡು ಸಮಿತಿಯ ಅಧ್ಯಕ್ಷರಾದರು, ಕಾನೂನು ಮಂತ್ರಿಯಾದರು.

ಹಿಂದೂ ಕೋಡ್ ಬಿಲ್ ಮುಂದಕ್ಕೆ ಹೋಗದೆ ನಿಂತಾಗ 1951ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು, ವಿಚ್ಛೇದನದ ಹಕ್ಕು ಕೊಡುವ ಮಸೂದೆ ಅದು. ಮಂತ್ರಿಗಿರಿ ಬಿಟ್ಟ ಮೇಲೆ ಎದುರಿಗಿದ್ದದ್ದು ದೇಶದ ಮೊದಲ ಮಹಾಚುನಾವಣೆ. ಆ ಚುನಾವಣೆ ನಡೆಸುವ ಜನಪ್ರತಿನಿಧಿ ಕಾಯ್ದೆಯನ್ನು ಕೆಲವೇ ತಿಂಗಳ ಹಿಂದೆ ಕಾನೂನು ಮಂತ್ರಿಯಾಗಿ ಸದನದಲ್ಲಿ ಮಂಡಿಸಿದವರೂ ಅವರೇ.

ಆಗ ವಯಸ್ಸು 60. ಸಕ್ಕರೆ ಕಾಯಿಲೆ ಮೈ ಹಿಂಡಿತ್ತು, ಕಾಲು ನೋವು ಬಿಡ್ತಿರಲಿಲ್ಲ. ಪಕ್ಷದ ಕೈಯಲ್ಲಿ ದುಡ್ಡಿಲ್ಲ. ಸಮಾಜವಾದಿ ಪಕ್ಷದ ಜೊತೆ ಹೊಂದಾಣಿಕೆ ಮಾಡಿಕೊಂಡು ಬಾಂಬೆ ನಗರ ಉತ್ತರ ಕ್ಷೇತ್ರಕ್ಕೆ ನಿಂತರು. ಗುರುತು ಆನೆ. ನವೆಂಬರ್‌ನಲ್ಲಿ ಬಾಂಬೆಗೆ ಬಂದು ಶಿವಾಜಿ ಪಾರ್ಕಿನಲ್ಲಿ ದೊಡ್ಡ ಸಭೆ ಮಾಡಿದರು. ಎದುರಿಗೆ ನೆಹರೂ ಹೆಸರಿನ ಗಾಳಿ, ಜೋಡೆತ್ತಿನ ಗುರುತು.

ಬಾಂಬೆ ಉತ್ತರ ಎರಡು ಸದಸ್ಯರ ಕ್ಷೇತ್ರ. ಒಂದು ಸಾಮಾನ್ಯ ಸೀಟು, ಒಂದು ಮೀಸಲು ಸೀಟು. ಪ್ರತಿ ಮತದಾರನಿಗೆ ಎರಡು ಚೀಟಿ. ಒಳಗೆ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಡಬ್ಬ, ಮೇಲೆ ಗುರುತು ಅಂಟಿಸಿರುತ್ತೆ. ಎರಡು ಚೀಟಿಯನ್ನು ಎರಡು ಬೇರೆ ಡಬ್ಬಕ್ಕೆ ಹಾಕಬೇಕು. ಎರಡನ್ನೂ ಒಂದೇ ಡಬ್ಬಕ್ಕೆ ಹಾಕಿದರೆ ಎರಡನೆಯದು ರದ್ದು. ಅಂಗಡಿಯಲ್ಲಿ ಗಿರಾಕಿಗೆ ಎರಡು ಕೂಪನ್ ಕೊಟ್ಟು, ಎರಡನ್ನೂ ಒಂದೇ ಸಾಮಾನಿಗೆ ಕೊಟ್ಟರೆ ಒಂದನ್ನು ಹರಿದು ಹಾಕ್ತೀವಿ ಅಂದ ಹಾಗೆ. 1937ರ ಸುರಿಯುವ ಪದ್ಧತಿ ಹೋಗಿತ್ತು.

ಇಂಥ ಕ್ಷೇತ್ರ ಮೈಸೂರಿನಲ್ಲೂ ಇತ್ತು. 1952ರಲ್ಲಿ ಮೈಸೂರು ಲೋಕಸಭೆಯಿಂದ ಕಾಂಗ್ರೆಸ್ಸಿನ ಎನ್. ರಾಚಯ್ಯ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ ಇಬ್ಬರೂ ಗೆದ್ದರು. ಒಂದೇ ಕ್ಷೇತ್ರ, ಎರಡು ಪಕ್ಷ, ಇಬ್ಬರು ಸಂಸದರು. ಈಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು.

ಬಾಂಬೆ ಉತ್ತರದಲ್ಲಿ ಕಾಂಗ್ರೆಸ್‌ನಿಂದ ಸಾಮಾನ್ಯ ಸೀಟಿಗೆ ವಿ.ಬಿ. ಗಾಂಧಿ, ಮೀಸಲು ಸೀಟಿಗೆ ನಾರಾಯಣ ಸದೋಬಾ ಕಾಜ್ರೋಳ್ಕರ್. ಸಮಾಜವಾದಿಗಳಿಂದ ಅಶೋಕ್ ಮೆಹ್ತಾ. ಕಮ್ಯುನಿಸ್ಟರಿಂದ ಶ್ರೀಪಾದ ಅಮೃತ ಡಾಂಗೆ. ಲೆಕ್ಕದ ಪ್ರಕಾರ ಅಂಬೇಡ್ಕರ್ ಕಡೆಯವರು ಒಂದು ಚೀಟಿ ಆನೆಗೆ, ಇನ್ನೊಂದು ಮೆಹ್ತಾಗೆ ಹಾಕಬೇಕು. ಮೆಹ್ತಾ ಕಡೆಯವರೂ ಹಾಗೇ ಮಾಡಬೇಕು. ಕಾಜ್ರೋಳ್ಕರ್ ಬೆಣ್ಣೆ ವ್ಯಾಪಾರದವರು ಅಂತ ಅಂಬೇಡ್ಕರ್ ಬೆಂಬಲಿಗರು ಛೇಡಿಸ್ತಿದ್ದರು. ಆ ಛೇಡಿಕೆ ಸರಿಯಲ್ಲ, ಬೆಣ್ಣೆ ಮಾರೋದು ಮರ್ಯಾದೆಯ ಕಸುಬೇ. ಮತದಾರರೂ ಅದನ್ನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

1952ರ ಜನವರಿಯಲ್ಲಿ ಮತ ಎಣಿಸಿದರು. ಗಾಂಧಿಗೆ 1,49,138. ಮೆಹ್ತಾಗೆ 1,39,741. ಕಾಜ್ರೋಳ್ಕರ್‌ಗೆ 1,38,137. ಅಂಬೇಡ್ಕರ್‌ಗೆ 1,23,576. ಸೋಲಿನ ಅಂತರ 14,561.

ಮೆಹ್ತಾಗೂ ಅಂಬೇಡ್ಕರ್‌ಗೂ ನಡುವಿನ ವ್ಯತ್ಯಾಸ ನೋಡಿ, ಹದಿನಾರು ಸಾವಿರಕ್ಕೂ ಹೆಚ್ಚು. ಇಬ್ಬರೂ ಒಂದೇ ಜೋಡಿ. ಮೆಹ್ತಾಗೆ ಬಿದ್ದ ಅಷ್ಟೂ ಮತ ಆನೆಗೂ ಬಿದ್ದಿದ್ದರೆ ಅಂಬೇಡ್ಕರ್ ಗೆಲ್ತಿದ್ದರು. ಇದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿತ್ತು. ಅಸಿಂಧು ಅಂತ ತೆಗೆದಿಟ್ಟ ಮತಗಳು 74,333. ಸೋಲಿನ ಅಂತರದ ಐದು ಪಟ್ಟು.

ಸಭೆಯಲ್ಲಿ ಕೂಗಾಡಿ ಬಿಡಬಹುದಿತ್ತು. ವಕೀಲರು ವಕೀಲರ ದಾರಿ ಹಿಡಿದರು. ಅಶೋಕ್ ಮೆಹ್ತಾ ಜೊತೆ ಸೇರಿ ಚುನಾವಣಾ ತಕರಾರು ಅರ್ಜಿ ಹಾಕಿದರು. ಎರಡನೇ ಮತವನ್ನು ಹಾಳು ಮಾಡಿ ಅಂತ ಡಾಂಗೆ ಕಡೆಯವರು ಪ್ರಚಾರ ಮಾಡಿದರು, ಅದು ಕಾನೂನಿಗೆ ವಿರುದ್ಧ, ಅದಕ್ಕೇ ಇಷ್ಟು ಮತ ಅಸಿಂಧು ಆದವು ಅನ್ನೋದು ವಾದ. ತಾವೇ ಮಂಡಿಸಿದ ಕಾಯ್ದೆಯ ಕೆಳಗೆ ತಾವೇ ಅರ್ಜಿದಾರರು. ಟ್ರಿಬ್ಯೂನಲ್ ಒಪ್ಪಲಿಲ್ಲ, ಅರ್ಜಿ ವಜಾ ಆಯ್ತು.

ಹಾಗಂತ ಅವರನ್ನು ಬರೀ ಮೋಸದಿಂದ ಸೋಲಿಸಿದರು ಅನ್ನೋದೂ ಪೂರ್ತಿ ಸರಿಯಲ್ಲ. ಆ ಸಲ ಕಾಂಗ್ರೆಸ್ 489ರಲ್ಲಿ 364 ಸೀಟು ಗೆದ್ದಿತ್ತು. ಒಕ್ಕೂಟಕ್ಕೆ ದೇಶದಲ್ಲೆಲ್ಲ ಸಿಕ್ಕಿದ್ದು ಎರಡೇ ಸೀಟು. ಅದರಲ್ಲಿ ಒಂದು ನಮ್ಮ ಗಡಿಯಾಚೆಯ ಸೋಲಾಪುರ, ಅಲ್ಲಿ ಪಿ.ಎನ್. ರಾಜಭೋಜ್ ಗೆದ್ದರು. ಬಾಂಬೆ ಉತ್ತರದಲ್ಲೂ ಗಾಳಿ ಇತ್ತು. ಆದರೆ ಮೀಸಲು ಸೀಟಿಗೆ ಯಾರು ಅನ್ನೋದನ್ನ ಉಳಿದವರ ಎರಡನೇ ಚೀಟಿ ತೀರ್ಮಾನಿಸಿತು. 1932ರಲ್ಲಿ ಅವರು ಹೆದರಿದ್ದು ಇದಕ್ಕೇ.

ಅದೇ ವರ್ಷ ಬಾಂಬೆ ರಾಜ್ಯದಿಂದ ರಾಜ್ಯಸಭೆಗೆ ಆಯ್ಕೆಯಾದರು, ಸಾಯುವ ತನಕ ಅಲ್ಲೇ ಸದಸ್ಯರು. ಬೇರೆ ಯಾರಾದರೂ ಆಗಿದ್ದರೆ ಸಾಕು ಅಂತ ಕೂರುತ್ತಿದ್ದರು. 1954ರ ಮೇ ತಿಂಗಳ ಸುಡು ಬಿಸಿಲಲ್ಲಿ ವಿದರ್ಭದ ಭಂಡಾರಾ ಉಪಚುನಾವಣೆಗೆ ಮತ್ತೆ ನಿಂತರು. ಅದೂ ಎರಡು ಸದಸ್ಯರ ಕ್ಷೇತ್ರ. ಜೊತೆಗೆ ಅದೇ ಅಶೋಕ್ ಮೆಹ್ತಾ. ಫಲಿತಾಂಶ ಬಂದಾಗ ಮೆಹ್ತಾ ಗೆದ್ದಿದ್ದರು. ಅಂಬೇಡ್ಕರ್ ಕಾಂಗ್ರೆಸ್ಸಿನ ಭಾವುರಾವ್ ಬೋರ್ಕರ್ ಎದುರು ಎಂಟು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಒಂದು ಸಲ ಆದರೆ ಆಕಸ್ಮಿಕ ಅನ್ನಬಹುದು, ಎರಡನೇ ಸಲವೂ ಹಾಗೇ ಆದರೆ?

ಮುಂದಿನ ವರ್ಷ, 1955ರಲ್ಲಿ, ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಇದಕ್ಕೆ ಪರಿಹಾರವನ್ನೂ ಇಟ್ಟರು. ಎರಡು ಮೂರು ಸದಸ್ಯರ ಕ್ಷೇತ್ರ ಇರಲಿ, ಆದರೆ ಮತದಾರ ತನ್ನೆಲ್ಲ ಮತವನ್ನು ಒಬ್ಬರಿಗೇ ಕೊಡುವ ಹಳೇ ಪದ್ಧತಿ ವಾಪಸ್ ಬರಲಿ ಅನ್ನೋದು ಅವರ ಸಲಹೆ. ಅದು ಆಗಲಿಲ್ಲ. 1961ರಲ್ಲಿ ಎರಡು ಸದಸ್ಯರ ಕ್ಷೇತ್ರಗಳನ್ನೇ ರದ್ದು ಮಾಡಿದರು. ಈಗ ಒಂದು ಕ್ಷೇತ್ರ, ಒಬ್ಬ ಸಂಸದ, ಒಂದು ಮತ. ಮೀಸಲು ಸೀಟಿನ ಮೇಲಿನ ಹಳೇ ಪ್ರಶ್ನೆ ಮಾತ್ರ ಇನ್ನೂ ಅಲ್ಲೇ ಇದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದರು. ಡಿಸೆಂಬರ್ 6ರಂದು ದೆಹಲಿಯ ಅಲಿಪುರ ರಸ್ತೆಯ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಮರುದಿನ ಬಾಂಬೆಯ ದಾದರ್ ಕಡಲ ತೀರದಲ್ಲಿ ಅಂತ್ಯಸಂಸ್ಕಾರ ಆಯಿತು. ಅವರನ್ನು ಸೋಲಿಸಿದ ಊರು ಅವತ್ತು ಬೀದಿಗೆ ಬಂದು ಅತ್ತಿತು.

ಅದಾಗಿ ಕೆಲವೇ ತಿಂಗಳಿಗೆ 1957ರ ಚುನಾವಣೆ. ಬಾಂಬೆ ನಗರ ಮಧ್ಯ ಕ್ಷೇತ್ರದಿಂದ ಇಬ್ಬರು ಗೆದ್ದರು. ಒಬ್ಬರು ಅಂಬೇಡ್ಕರ್ ಅವರ ಒಕ್ಕೂಟದ ಜಿ.ಕೆ. ಮಾನೆ. ಇನ್ನೊಬ್ಬರು ಅದೇ ಡಾಂಗೆ. ಐದು ವರ್ಷದ ಹಿಂದಿನ ಕೋರ್ಟ್ ಜಗಳದ ಎರಡು ಕಡೆಯವರು ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಗಾಳಿಯಲ್ಲಿ ಒಂದೇ ಕ್ಷೇತ್ರದಿಂದ ಒಟ್ಟಿಗೆ ದೆಹಲಿಗೆ ಹೋದರು.

ಹೊಸದಾಗಿ ಒಂದಾಗಿದ್ದ ನಮ್ಮ ರಾಜ್ಯದಲ್ಲೂ ಆ ಸಲ ಒಕ್ಕೂಟ ಒಂದು ಲೋಕಸಭಾ ಸೀಟು ಗೆದ್ದಿತು. ಗೆದ್ದವರು ದತ್ತಾ ಅಪ್ಪಾ ಕಟ್ಟಿ, ಕ್ಷೇತ್ರ ಚಿಕ್ಕೋಡಿ. 1925ರಲ್ಲಿ ಸಮ್ಮೇಳನ ನಡೆದ ನಿಪ್ಪಾಣಿ ಆಗ ಚಿಕ್ಕೋಡಿ ತಾಲೂಕಿನಲ್ಲೇ ಇತ್ತು.