ಪ್ರೊಫೆಸರ್ ಜಿ. ಎನ್. ರಾಮಚಂದ್ರನ್

ರಾಜ್ಯೋತ್ಸವದ ಈ ಶುಭದಿನದಂದು, ಕನ್ನಡ ನಾಡಿನಲ್ಲಿ ಹುಟ್ಟಿದವರನ್ನಷ್ಟೇ ಅಲ್ಲ, ಹೊರಗಿನಿಂದ ಬಂದು ಆ ನಾಡಿನ ಕೀರ್ತಿಯನ್ನು ಬೆಳೆಸಿದವರನ್ನೂ ನಾವು ನೆನೆಯಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟುಬಂದ ಮುಂಬಯಿ ಕನ್ನಡಿಗರಾದ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಅಂಥ ಮಹನೀಯರಲ್ಲಿ ವಿಜ್ಞಾನಿ ರಾಮಚಂದ್ರನ್ ಒಬ್ಬರು.

೧೯೨೨ರಲ್ಲಿ ಎರ್ನಾಕುಲಮ್ಮಿನಲ್ಲಿ ಜನಿಸಿದ ಇವರು ೧೯೪೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ನಮ್ಮ ಮುಂಬಯಿಯ ಜಮ್‌ಶೆಟ್‌ಜಿ ಟಾಟಾ ಅವರ ದಾನವೂ ಮೈಸೂರು ಅರಸುಮನೆತನದ ಭೂದಾನವೂ ಕೂಡಿ ೧೯೦೯ರಲ್ಲಿ ಸ್ಥಾಪನೆಯಾದ ಸಂಸ್ಥೆಯದು. ವಿದ್ಯುತ್ ಇಂಜಿನಿಯರಿಂಗ್ ಕಲಿಯಲು ಬಂದ ಈ ತರುಣ, ಸರ್ ಸಿ. ವಿ. ರಾಮನ್ ಅವರ ಶಿಷ್ಯನಾಗಿ ಭೌತಶಾಸ್ತ್ರಕ್ಕೆ ಒಲಿದರು.

೧೯೫೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಚರ್ಮ, ಎಲುಬುಗಳಿಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ರಚನೆಯೆಂದು ೧೯೫೪ರಲ್ಲಿ ಗೋಪಿನಾಥ್ ಕರ್ತಾ ಅವರೊಡನೆ ಪ್ರಕಟಿಸಿದರು. ಡಿಎನ್‌ಎ ರಚನೆಯಿಂದ ಜಗತ್ಪ್ರಸಿದ್ಧರಾದ ಫ್ರಾನ್ಸಿಸ್ ಕ್ರಿಕ್ ಅವರು ಅಲೆಕ್ಸಾಂಡರ್ ರಿಚ್ ಅವರೊಡನೆ ಆಕ್ಷೇಪವೆತ್ತಿದರು: ಪರಮಾಣುಗಳು ಅಷ್ಟು ಹತ್ತಿರ ಬರಲಾರವು ಎಂದು. ಹಾಗಾದರೆ ಎಷ್ಟು ಹತ್ತಿರ ಬರಬಲ್ಲವು? ಇವರು ಲೆಕ್ಕಕ್ಕೆ ಕುಳಿತರು. ೧೯೬೩ರಲ್ಲಿ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರ ಜೊತೆಗೂಡಿ ಪ್ರಕಟಿಸಿದ ಆ ಲೆಕ್ಕವೇ ರಾಮಚಂದ್ರನ್ ನಕ್ಷೆ. ಪೆಪ್ಟೈಡ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂಬುದನ್ನು ಅದು ಒಂದೇ ಚೌಕದಲ್ಲಿ ತೋರಿಸುತ್ತದೆ.

ಇದರಿಂದೇನು ಪ್ರಯೋಜನ? ಡಿಎನ್‌ಎಯಲ್ಲಿ ಗೊತ್ತುಮಾಡಿದ ಜಾಗವೊಂದನ್ನೇ ಹಿಡಿಯಬಲ್ಲ ಅಣುಗಳನ್ನು ಇಂದು ವಿಜ್ಞಾನಿಗಳು ಕಟ್ಟುತ್ತಿದ್ದಾರೆ. ಡಿಎನ್‌ಎಯಂಥ ಚಿಕ್ಕ ತುಣುಕೊಂದಕ್ಕೆ ಪೆಪ್ಟೈಡನ್ನು ಜೋಡಿಸುತ್ತಾರೆ. ತುಣುಕು ಅಕ್ಷರಕ್ಕೆ ಅಕ್ಷರ ಹೊಂದಿಸಿ ಜಾಗವನ್ನು ಗುರುತಿಸುತ್ತದೆ. ಪೆಪ್ಟೈಡ್ ಹಿಡಿತವನ್ನು ಬಿಗಿಗೊಳಿಸುತ್ತದೆ. ಫೋರ್ಟಿನ ಬ್ಯಾಂಕುಗಳಲ್ಲಿ ದುಡಿಯುವ ನಮಗೆ ಇದು ಹೊಸದಲ್ಲ. ಲಾಕರಿಗೆ ಬ್ಯಾಂಕಿನ ಕೀಲಿಕೈಯೂ ಬೇಕು, ಗಿರಾಕಿಯ ಕೀಲಿಕೈಯೂ ಬೇಕು. ಹೊಂದಿಕೆ ತಪ್ಪಿದರೆ ಔಷಧವು ಬೇಡದ ಜೀನಿಗೆ ಅಂಟೀತು! ಪೆಪ್ಟೈಡಿನ ಆಕಾರವನ್ನು ಒರೆಹಚ್ಚುವಾಗ ಇಂದಿಗೂ ಆ ನಕ್ಷೆಯೇ ಆಧಾರ.

ಮುಂದೆ ಬೆಂಗಳೂರಿಗೆ ಮರಳಿ, ೧೯೭೧ರಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ನೊಬೆಲ್ ಬಹುಮಾನ ಮಾತ್ರ ಬರಲಿಲ್ಲ. ಕೊನೆಗಾಲದಲ್ಲಿ ಪಾರ್ಕಿನ್‌ಸನ್ ಕಾಯಿಲೆಯಿಂದ ಬಳಲಿ, ೨೦೦೧ರ ಏಪ್ರಿಲ್ ೭ರಂದು ಚೆನ್ನೈಯಲ್ಲಿ ತೀರಿಕೊಂಡರು.

ದೊಡ್ಡವರ ಆಕ್ಷೇಪಕ್ಕೆ ಎದೆಗುಂದದೆ, ಅದರಿಂದಲೇ ಹೊಸ ಲೆಕ್ಕವನ್ನು ಹೂಡಿದ ಈ ಧೀಮಂತರ ಬಾಳು ಪರಸ್ಥಳದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ದಾರಿದೀಪವಾಗಲಿ.