ನೆಲವೇ ಹೀಟರ್ ಆದ ಮನೆ

ಫ್ರಾಂಕ್ ಲಾಯ್ಡ್ ರೈಟ್ ಹುಟ್ಟಿದ್ದು 1867ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಮ್ಯಾಡಿಸನ್‌ನಲ್ಲಿ ಸ್ವಲ್ಪ ದಿನ ಓದಿ, ಡಿಗ್ರಿ ಮುಗಿಸದೇ ಷಿಕಾಗೋಗೆ ಹೊರಟುಬಿಟ್ಟರು. ಮುಂದೆ ಇಂಪೀರಿಯಲ್ ಹೋಟೆಲ್ ಕೆಲಸಕ್ಕೆ ಟೋಕಿಯೋಗೆ ಹೋದಾಗ, ಅಲ್ಲಿನ ಒಂದು ಮನೆಯಲ್ಲಿ ಕೊರಿಯಾ ಶೈಲಿಯ ಕೋಣೆ ನೋಡಿದರು. ಕಣ್ಣಿಗೆ ಒಲೆಯೂ ಇಲ್ಲ, ಹೊಗೆಯೂ ಇಲ್ಲ. ಬಿಸಿ ಬರ್ತಿದ್ದದ್ದು ನೆಲದಡಿಯಿಂದ.

1936ರಲ್ಲಿ ಮ್ಯಾಡಿಸನ್‌ನ ಪತ್ರಕರ್ತ ಹರ್ಬರ್ಟ್ ಜೇಕಬ್ಸ್ ದಂಪತಿ, 5,000 ಡಾಲರಿಗೆ ಒಂದು ಒಳ್ಳೆ ಮನೆ ಆಗುತ್ತಾ ಅಂತ ಕೇಳಿದರು. ರೈಟ್‌ಗೆ ಆಗ ಹತ್ತಿರ ಹತ್ತಿರ ಎಪ್ಪತ್ತು. ವಿಸ್ಕಾನ್ಸಿನ್ ಚಳಿಯಲ್ಲಿ ಹೀಟಿಂಗ್ ಬಿಡೋ ಹಾಗಿಲ್ಲ, ದುಡ್ಡು ಮೀರೋ ಹಾಗೂ ಇಲ್ಲ. ಅವರು ಬೇರೆ ಖರ್ಚಿಗೆ ಕತ್ತರಿ ಹಾಕಿದರು: ಪೂರ್ತಿ ನೆಲಮಾಳಿಗೆ ಬೇಡ, ಗ್ಯಾರೇಜ್ ಬದಲು ಬರೀ ಸೂರು, ಕೋಣೆಗಳಲ್ಲಿ ರೇಡಿಯೇಟರ್ ಇಲ್ಲ. ಕಾಂಕ್ರೀಟ್ ನೆಲದ ಕೆಳಗೆ ಪೈಪ್ ಹಾಸಿಸಿದರು. 1937ರಲ್ಲಿ ಮನೆ ಮುಗಿದಾಗ, ರೈಟ್ ಅವರ 450 ಡಾಲರ್ ಫೀಸೂ ಸೇರಿ ಆದ ಖರ್ಚು 5,500 ಡಾಲರ್.

ತೊಡಕಿಲ್ಲ ಅಂತಲ್ಲ. ಪೈಪ್ ಸೋರಿದರೆ ನೆಲ ಒಡೆಯಲೇಬೇಕು. ಕಟ್ಟುವಾಗ ಉಳಿಸಿದ್ದು ರಿಪೇರಿಗೆ ಹೋಗಬಹುದು. ಖರ್ಚಿನ ಲೆಕ್ಕ ಹಾಕೋವಾಗ ಇದನ್ನೂ ಸೇರಿಸಬೇಕು.

ರೈಟ್ 1959ರಲ್ಲಿ ತೀರಿಕೊಂಡರು. 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಅವರ ಎಂಟು ಕಟ್ಟಡಗಳಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಜೊತೆ ಈ ಪುಟ್ಟ ಮನೆಯೂ ಇದೆ.